ಹಲಗೆಯ ಮೇಲಿನ ಗೋಧಿ ತೆನೆ

ಇಂದು ಬೆಳಗಾವಿಯ ಉದ್ಯಮಬಾಗದಲ್ಲಿ, ಹೊರದೇಶದಿಂದ ಬಂದ ಯಂತ್ರವೊಂದರ ಮರದ ಪೆಟ್ಟಿಗೆಯನ್ನು ಬಿಚ್ಚುತ್ತಿದ್ದರು.

ಹಲಗೆಯ ಮೇಲೆ ಗೋಧಿ ತೆನೆಯ ಚಿತ್ರ, ದೇಶದ ಸಂಕೇತ, ಪಕ್ಕದಲ್ಲಿ ‘ಎಚ್‌ಟಿ’ ಎಂಬ ಮುದ್ರೆಯಿತ್ತು. ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಕಾವು ಸತತ 30 ನಿಮಿಷ ತಲುಪಿದೆ, ಒಳಗಿನ ಹುಳು ಬದುಕಿರಲಾರದು ಎಂಬುದಕ್ಕೆ ಅದೇ ಗುರುತು. ಅಂಚಿನಲ್ಲಿ ಬೆರಳಗಲದ ತೊಗಟೆ ಮಾತ್ರ ಹಾಗೆಯೇ ಉಳಿದಿತ್ತು. ಮೂರು ಸೆಂಟಿಮೀಟರಿಗಿಂತ ಕಿರಿದಾದ ತೊಗಟೆಯ ಪಟ್ಟಿಗೆ ಅಂತರರಾಷ್ಟ್ರೀಯ ನಿಯಮದಲ್ಲಿಯೇ ಅವಕಾಶವಿದೆ.

ತೊಗಟೆಯ ವಿಷಯದಲ್ಲಿ ಇಷ್ಟು ಬಿಗಿ ಏಕೆಂಬುದಕ್ಕೆ ಅಮೆರಿಕದ ಆ್ಯಶ್ ಮರಗಳೇ ಸಾಕ್ಷಿ. ಪೂರ್ವ ಏಷ್ಯಾ ಮೂಲದ, ಸುಮಾರು ಅರ್ಧ ಇಂಚಿನ ಹಸಿರು ಜೀರುಂಡೆಯೊಂದು 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಯಿತು. ಸರಕು ಕಟ್ಟುವ ಮರದೊಳಗೆ ಕುಳಿತು ಅದು ವರ್ಷಗಳ ಹಿಂದೆಯೇ ಬಂದಿರಬೇಕೆಂದು ತಜ್ಞರು ಭಾವಿಸುತ್ತಾರೆ. ಅದರ ಮರಿಹುಳುಗಳು ತೊಗಟೆಯಡಿ ಹಾವಿನ ಜಾಡಿನಂತೆ ಸುತ್ತಿ ಸುತ್ತಿ ಕೊರೆಯುವುದರಿಂದ ಎಲೆಯ ಆಹಾರ ಬೇರಿಗೆ ಇಳಿಯದೆ, ಹೊರಗೆ ಹಸಿರಾಗಿ ಕಾಣುವ ಮರವೂ ಕೆಲವೇ ವರ್ಷಗಳಲ್ಲಿ ಒಣಗುತ್ತದೆ. ಹೀಗೆ ಸತ್ತ ಮರಗಳು ಕೋಟಿಗಟ್ಟಲೆ.

ಹುಳು ತಾನಾಗಿ ಹಾರಿ ಹೋದದ್ದು ಕಡಿಮೆ. ದೂರದೂರಕ್ಕೆ ಅದನ್ನು ಒಯ್ದದ್ದು, ಶಿಬಿರದ ಬೆಂಕಿಗೆಂದು ಜನ ಗಾಡಿಯಲ್ಲಿ ತುಂಬಿಕೊಂಡ ಕಟ್ಟಿಗೆ. (ನಮ್ಮ ಕಡೆ ಸೌದೆಯ ಲಾರಿಯನ್ನು ತಡೆದು ಹುಳು ಹುಡುಕುವವರು ಯಾರು?) ಸೌದೆ ಸಾಗಣೆಗೆ ಅಲ್ಲಿ ಹಾಕಿದ್ದ ನಿರ್ಬಂಧವನ್ನು ಅಮೆರಿಕದ ಕೇಂದ್ರ ಸರ್ಕಾರವೇ 2021ರಲ್ಲಿ ಕೈಬಿಟ್ಟು, ಅದಕ್ಕೆ ಖರ್ಚಾಗುತ್ತಿದ್ದ ಹಣವನ್ನು ಹುಳುವಿನ ವೈರಿಗಳಾದ ಪುಟ್ಟ ಕಣಜಗಳನ್ನು ಬೆಳೆಸಿ ಬಿಡುವ ಕೆಲಸಕ್ಕೆ ತಿರುಗಿಸಿತು.