ಓಹಾಯೋದ ಕೊಟ್ಟಿಗೆಯಲ್ಲಿ ಒಂದು ಮಧ್ಯಾಹ್ನ

2018ರಲ್ಲಿ ಮಗಳ ಮನೆಗೆಂದು ಹೋಗಿ ಅಮೆರಿಕದಲ್ಲಿ ಮೂರು ತಿಂಗಳಿದ್ದೆವು. ನಯಾಗರಾ ನೋಡಿದೆವು, ವಾಷಿಂಗ್ಟನ್ ನೋಡಿದೆವು. ಊರಿಗೆ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದೂ ಅವನ್ನೇ. ನನಗೆ ಹೇಳಬೇಕು ಅನ್ನಿಸುತ್ತಿದ್ದುದು ಮಾತ್ರ ಒಂದು ಕೊಟ್ಟಿಗೆಯ ವಿಷಯ.

ಮಗಳು ಇದ್ದದ್ದು ಓಹಾಯೋ ರಾಜ್ಯದ ಡೇಟನ್ ಊರಿನ ಪಕ್ಕ, ಬೀವರ್‌ಕ್ರೀಕ್‌ನಲ್ಲಿ. ರೈಟ್ ಸಹೋದರರ ಊರು ಅಂದರೆ ಅದೇ ಡೇಟನ್. ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ ಯೆಲ್ಲೋ ಸ್ಪ್ರಿಂಗ್ಸ್ ಅಂತ ಒಂದು ಪುಟ್ಟ ಊರಿದೆ. ಊರು ದಾಟಿ ಸ್ವಲ್ಪ ಉತ್ತರಕ್ಕೆ ಹೋದರೆ ಯಂಗ್ಸ್ ಜರ್ಸಿ ಡೈರಿ. ಹೆಸರು ಕೇಳಿದ ಕೂಡಲೇ ಹೋಗಲೇಬೇಕು ಅಂದೆ. ಮಗಳಿಗೆ ಆಫೀಸು. "ಶನಿವಾರ ಹೋಗೋಣ ಅಮ್ಮ" ಅಂದಳು. ನನಗೆ ತಡೆಯಲಾಗಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಮೊಬೈಲಿನಲ್ಲಿ ಟ್ಯಾಕ್ಸಿ ಹಿಡಿದು ನಾನು, ನಮ್ಮ ಮನೆಯವರು ಹೊರಟೇ ಬಿಟ್ಟೆವು.

ಜರ್ಸಿ ಅನ್ನುವ ಹೆಸರಿಗೆ ಯಾಕಿಷ್ಟು ಆಸೆ ಅಂದರೆ, ನನ್ನನ್ನು ಓದಿಸಿದ್ದು ಒಂದು ಜರ್ಸಿ ಹಸು. ನಮ್ಮದು ಚನ್ನರಾಯಪಟ್ಟಣದ ಕಡೆ ಹಳ್ಳಿ. ಉಳುಮೆಗೆ ಹಳ್ಳಿಕಾರ್ ಎತ್ತುಗಳಿದ್ದವು. ನಾಟಿ ಹಸು ಮನೆಯ ಕಾಫಿಗಾಗುವಷ್ಟು ಕರೆಯುತ್ತಿತ್ತು, ಅಷ್ಟೇ. 1982ರಲ್ಲಿ ಅಮ್ಮ ಬ್ಯಾಂಕಿನ ಸಾಲದಲ್ಲಿ ಒಂದು ಜರ್ಸಿ ಮಿಶ್ರತಳಿ ಕಟ್ಟಿದಳು. ಊರಲ್ಲಿ ಅದನ್ನು ಎಲ್ಲರೂ ಕರೆಯುತ್ತಿದ್ದುದು ಸೀಮೆ ಹಸು ಅಂತ. ಅಮ್ಮ ಮಾತ್ರ ಗೌರಿ ಅನ್ನುತ್ತಿದ್ದಳು. ಎರಡು ಹೊತ್ತೂ ಡೈರಿಗೆ ಹಾಲು ಹಾಕಿ, ಆ ದುಡ್ಡಲ್ಲೇ ನನ್ನ ಪಿಯುಸಿ, ಬಿಎ, ಬಿಎಡ್ ಮುಗಿದವು. ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಬರಲಿಲ್ಲ ಅಂತ ಡೈರಿ ಸೆಕ್ರೆಟರಿ ಹಾಲು ವಾಪಸ್ ಕಳಿಸಿದ ದಿನ ಅಮ್ಮನ ಮುಖ ಹೇಗಿರುತ್ತಿತ್ತು ಅನ್ನುವುದು ಇವತ್ತಿಗೂ ಕಣ್ಣ ಮುಂದಿದೆ.

ಅಲ್ಲಿ ಇಳಿದಾಗ ಮೊದಲು ಕಂಡದ್ದು ಕೆಂಪು ಬಣ್ಣದ ದೊಡ್ಡ ಮರದ ಕೊಟ್ಟಿಗೆ. 1869ರಲ್ಲಿ ಡೈರಿ ನಡೆಸುವ ಯಂಗ್ ಮನೆತನದವರ ನೆಂಟರೇ ಕಟ್ಟಿದ್ದು. 1950ರ ದಶಕದ ಕೊನೆಯಲ್ಲಿ ಯಂಗ್ ಮನೆಯವರು ದಾರಿಹೋಕರಿಗೆ ನೇರವಾಗಿ ಹಾಲು ಮಾರತೊಡಗಿದರು. 1960ರಲ್ಲಿ ಸಣ್ಣ ಅಂಗಡಿ ಹಾಕಿದರು. ಅದು ಬೆಳೆದು ಈಗ ಐಸ್‌ಕ್ರೀಂ, ಚೀಸ್, ಊಟದ ಮನೆ, ಮಕ್ಕಳ ಆಟ ಎಲ್ಲ ಸೇರಿ ಒಂದು ಜಾತ್ರೆಯಂತಾಗಿದೆ. ಇಷ್ಟಾದರೂ ನಡೆಸುವುದು ಅದೇ ಮನೆಯವರು. ಒಳಗೆ ಹೋಗಲು ಟಿಕೆಟ್ ಇಲ್ಲ. ಆಟಕ್ಕೆ, ತಿಂಡಿಗೆ ಮಾತ್ರ ದುಡ್ಡು.

ಮಿನಿ ಗಾಲ್ಫ್‌ಗೆ ಅವರಿಟ್ಟ ಹೆಸರಲ್ಲೂ ಹಸುವಿನ ಕೆಚ್ಚಲು ಬರುತ್ತದೆ: ಅಡರ್ಸ್ ಅಂಡ್ ಪಟರ್ಸ್. ಆ ಕಡೆ ನಾನು ಹೋಗಲಿಲ್ಲ. ಚೆಂಡು ಹೊಡೆಯಲು ಅಷ್ಟು ದೂರ ಬರಬೇಕೇ? ನಮ್ಮ ಮನೆಯವರು ಚೀಸ್ ಕರ್ಡ್ಸ್ ತಗೊಂಡರು. ಚೀಸಿನ ಗಟ್ಟಿ ತುಣುಕುಗಳನ್ನು ಹಿಟ್ಟಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು, ಬಜ್ಜಿ ಥರ. ಬಿಸಿಯಲ್ಲಿ ಚೆನ್ನಾಗಿತ್ತು, ಆರಿದ ಮೇಲೆ ರಬ್ಬರ್.

ಐಸ್‌ಕ್ರೀಂ ಅಂಗಡಿಯಲ್ಲಿ ಹೆಸರುಗಳ ಉದ್ದ ಪಟ್ಟಿ. ಅದರಲ್ಲಿ ಒಂದು ಕೌ ಪ್ಯಾಟಿ. ಕೌ ಪ್ಯಾಟಿ ಅಂದರೆ ಸಗಣಿ! ಕಪ್ಪಗೆ ದಟ್ಟ ಚಾಕೊಲೇಟು, ನಡುವೆ ಟಾಫಿ ಚೂರುಗಳು. ನಮ್ಮ ಮನೆಯವರು ಹೆಸರು ಕೇಳಿಯೇ ಬೇಡ ಅಂದರು. ನಾನು ಅದನ್ನೇ ಕೇಳಿ ತಗೊಂಡೆ. ಅಂಗಳ ಸಾರಿಸಿ, ಬೆರಣಿ ತಟ್ಟಿ ಬೆಳೆದವಳು ನಾನು. ಸಗಣಿಯ ಹೆಸರನ್ನು ಅಷ್ಟು ಪ್ರೀತಿಯಿಂದ ತಿನ್ನುವ ವಸ್ತುವಿಗೆ ಇಟ್ಟವರು ನಿಜವಾಗಿಯೂ ಹಸು ಸಾಕಿದವರೇ ಇರಬೇಕು ಅನ್ನಿಸಿತು. ರುಚಿಯೂ ಹಾಗೇ ಇತ್ತು. ನಾಲಿಗೆ ಮೇಲೆ ಕೆನೆ ನಿಂತಂತೆ.

ಆಮೇಲೆ ಕೊಟ್ಟಿಗೆ ಕಡೆ ನಡೆದೆವು. ಮೇಕೆಗಳಿಗೆ ತಿನ್ನಿಸುವ ಕಾಳು ಮೆಷಿನ್ನಿನಿಂದ ಬರುತ್ತದೆ. ಅದಕ್ಕೆ ಆಗ 25 ಸೆಂಟಿನ ನಾಣ್ಯವೇ ಬೇಕಿತ್ತು. ಹೋಗುವವರು ಚಿಲ್ಲರೆ ಇಟ್ಟುಕೊಂಡು ಹೋಗಿ.

ಮೇಕೆಗಳಾಚೆ ಕರುಗಳಿದ್ದವು. ಜಿಂಕೆ ಬಣ್ಣ, ಕಪ್ಪು ಮೂತಿ, ಮೂತಿಯ ಸುತ್ತ ಬಿಳಿ ಗೆರೆ, ಕಾಡಿಗೆ ಹಚ್ಚಿದ ಹಾಗೆ ದೊಡ್ಡ ಕಣ್ಣು. ಗೌರಿಯ ಕರುವೇ ಎದ್ದು ಬಂದಂತಿತ್ತು. ಒಣಹುಲ್ಲು, ಗಂಜಲ, ಹಾಲು ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿಯುತ್ತಲೇ ಕಣ್ಣಲ್ಲಿ ನೀರು ಬಂತು. ಎರಡು ತಿಂಗಳಿಂದ ಆ ದೇಶದಲ್ಲಿ ಏನನ್ನೂ ಮೂಸಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಜರ್ಸಿ ಅಲ್ಲಿನದೂ ಅಲ್ಲ. ಅದರ ತವರು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಒಂದು ಪುಟ್ಟ ದ್ವೀಪ. ಅಂದರೆ ಓಹಾಯೋದಲ್ಲೂ ಅದು ಸೀಮೆ ಹಸುವೇ.

ನಾಲ್ಕು ಗಂಟೆಗೆ ಹೊರಡೋಣ ಅಂತ ಮೊಬೈಲ್ ತೆಗೆದರೆ ಒಂದೂ ಟ್ಯಾಕ್ಸಿ ಇಲ್ಲ. ಒಬ್ಬ ಡ್ರೈವರ್ ಒಪ್ಪಿಕೊಂಡ, ಐದು ನಿಮಿಷಕ್ಕೆ ರದ್ದು ಮಾಡಿದ. ಇನ್ನೊಬ್ಬನೂ ಹಾಗೇ ಮಾಡಿದ. ರದ್ದಾದದ್ದಕ್ಕೆ ನಮ್ಮಿಂದಲೇ ದುಡ್ಡು ಹಿಡಿದುಕೊಂಡರು. ಎಷ್ಟು ಬರೆದರೂ ಆ ದುಡ್ಡು ವಾಪಸ್ ಬರಲಿಲ್ಲ, ಅದಕ್ಕೇ ಈಗಲೂ ಸಿಟ್ಟಿದೆ. ಸುತ್ತ ಬರೀ ಜೋಳದ ಹೊಲ, ಸೋಯಾ ಹೊಲ. ಹೋಗುವಾಗ ಟ್ಯಾಕ್ಸಿ ಸಿಕ್ಕಿತು ಅಂತ ಬರುವಾಗಲೂ ಸಿಗುತ್ತದೆ ಅಂದುಕೊಳ್ಳಬೇಡಿ. ಕಾರಿರುವವರ ಜೊತೆಗೇ ಹೋಗಿ. ಮಗಳಿಗೆ ಫೋನ್ ಮಾಡಿದರೆ, ಆರು ಗಂಟೆಯಾಗುತ್ತದೆ, ಅಲ್ಲೇ ಇರಿ ಅಂದಳು. ನಮ್ಮ ಮನೆಯವರು ಬೆಂಚಿನ ಮೇಲೆ ಕೂತರು. ನಾನು ಮತ್ತೆ ಕರುಗಳ ಹತ್ತಿರ ಹೋದೆ.

ಅಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಕರುವಿನ ಬಾಯಿಗೆ ಎರಡು ಬೆರಳು ಕೊಟ್ಟು ನಿಂತಿದ್ದಳು. ಕರು ಚಪ್ಪರಿಸುತ್ತಿತ್ತು. ಉಳಿದ ಮಕ್ಕಳು ಕರು ನಾಲಿಗೆ ಚಾಚಿದರೆ ಕಿರುಚಿ ಓಡುತ್ತಿದ್ದವು. ಈ ಮಗು ಕೈ ಅಲ್ಲಾಡಿಸಲೂ ಇಲ್ಲ. ನಾನು ಕರುವಿನ ಗಂಗೆದೊಗಲು ಕೆರೆಯತೊಡಗಿದೆ. ಅದು ಕತ್ತು ಉದ್ದ ಮಾಡಿತು. ಹುಡುಗಿ ನನ್ನ ಕೈಯನ್ನೇ ನೋಡಿದಳು. ಹಿಂದೆ ನಿಂತಿದ್ದ ಅವಳ ಅಜ್ಜ ಕೇಳಿದರು: "ನೀವೂ ಹಸು ಸಾಕಿದವರಾ?"

ಹೌದು ಅಂದೆ.

"ಎಷ್ಟಿದ್ದವು?"

ಹೇಳಲು ಒಂದು ಕ್ಷಣ ಹಿಂಜರಿದೆ. "ಒಂದು. ಆಮೇಲೆ ಎರಡು."

ಅವರು ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, "ಕೈಯಲ್ಲೇ ಕರೆಯುತ್ತಿದ್ದಿರಾ?" ಅಂದರು. ಏನು ಮೇವು, ಕರುವಿಗೆ ಎಷ್ಟು ದಿನ ಹಾಲು ಬಿಡುತ್ತಿದ್ದಿರಿ, ಬೇಸಿಗೆಯಲ್ಲಿ ನೀರಿಗೇನು ಮಾಡುತ್ತಿದ್ದಿರಿ ಎಲ್ಲ ಕೇಳಿದರು. ಹಿಂಡಿ, ಬೂಸಾ, ಕಲಗಚ್ಚು ಎಲ್ಲವನ್ನೂ ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ಇಂಗ್ಲಿಷ್ ಅವತ್ತಿನಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದು ದಿನ ಇಲ್ಲ.

ಅವರ ಮನೆಯಲ್ಲಿ ಅರವತ್ತು ಹಸುಗಳಿದ್ದವಂತೆ, ಕಪ್ಪು ಬಿಳುಪಿನ ಹೋಲ್‌ಸ್ಟೀನ್. ನಮ್ಮೂರಲ್ಲಿ ಎಚ್‌ಎಫ್ ಅನ್ನುತ್ತೇವಲ್ಲ, ಅದೇ. ಅವರ ತಾತನ ಕಾಲದ ಕೊಟ್ಟಿಗೆ. ಆ ವರ್ಷ ದೊಡ್ಡ ಹಾಲಿನ ಕಂಪನಿಯೊಂದು ಓಹಾಯೋ, ಇಂಡಿಯಾನಾ ಸೇರಿ ಹಲವು ರಾಜ್ಯಗಳ ನೂರರಷ್ಟು ಮನೆಗಳಿಗೆ, ಮೇ ಕೊನೆಗೆ ನಿಮ್ಮ ಹಾಲು ಸಾಕು ಅಂತ ಪತ್ರ ಕಳಿಸಿತ್ತು. ಇವರಿಗೂ ಒಂದು ಬಂತು. 2014ರಲ್ಲಿ ನೂರು ಪೌಂಡ್ ಹಾಲಿಗೆ, ಅಂದರೆ ಸುಮಾರು 45 ಕೆಜಿಗೆ, 24 ಡಾಲರ್ ಸಿಗುತ್ತಿತ್ತು. 2018ರ ಹೊತ್ತಿಗೆ 16. ಮನಸ್ಸಲ್ಲೇ ಲೆಕ್ಕ ಹಾಕಿದೆ. ಲೀಟರಿಗೆ ನಮ್ಮ ದುಡ್ಡಲ್ಲಿ 25, 26 ರೂಪಾಯಿ. ನಮ್ಮೂರ ಡೈರಿಯ ದರವೂ ಅದರ ಆಸುಪಾಸೇ ಇತ್ತು. ಮೇಲೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಬೇರೆ. ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಅಮೆರಿಕದಲ್ಲಿ 2003ರಲ್ಲಿ 70,000ಕ್ಕೂ ಜಾಸ್ತಿ ಹೈನುಗಾರ ಮನೆಗಳಿದ್ದವು. ನಾವು ಹೋಗಿ ಬಂದ ಮರುವರ್ಷಕ್ಕೆ ಅದು 34,000ದ ಹತ್ತಿರಕ್ಕೆ ಇಳಿದಿತ್ತು. ಹಾಲೇನೂ ಕಡಿಮೆಯಾಗಿಲ್ಲ. ಸಾವಿರಾರು ಹಸುಗಳ ದೊಡ್ಡ ಫಾರಂಗಳಿಂದ ಬರುತ್ತಿದೆ, ಅಷ್ಟೇ.

"ಹಸುಗಳನ್ನು ಒಯ್ಯಲು ಲಾರಿ ಬಂದ ದಿನ ಇವಳನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದೆವು" ಅಂದರು ಆ ಅಜ್ಜ. "ಒಂದನ್ನು ಮಾತ್ರ ಮಾರಲಿಲ್ಲ. ಅದು ಡ್ರೈ ಕೌ." ಬತ್ತಿದ ಹಸು. "ಇವಳಿಗೆ ಕರು ಬೇಕು. ಅದಕ್ಕೇ ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಕರೆದುಕೊಂಡು ಬರುತ್ತೇನೆ."

ಹುಡುಗಿ ಐಸ್‌ಕ್ರೀಂ ಕೇಳಲೇ ಇಲ್ಲ. ನಿಮ್ಮ ಹಸುವಿನ ಹೆಸರೇನು ಅಂತ ಮಾತ್ರ ನನ್ನನ್ನು ಕೇಳಿದಳು. ಹೇಳಿದೆ. "ಗೌರಿ, ಗೌರಿ" ಅಂತ ಎರಡು ಸಲ ಅಂದು, ಒದ್ದೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಇನ್ನೊಂದು ಕೈಯ ಬೆರಳು ಕೊಟ್ಟಳು. ಮಗಳು ಬಂದು ಹಾರ್ನ್ ಮಾಡುವಾಗಲೂ ಅಲ್ಲೇ ಇದ್ದಳು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ನನ್ನ ತಮ್ಮ ಹಸು ಮಾರಿ ಆಗಲೇ ಎರಡು ವರ್ಷವಾಗಿತ್ತು. ಮನೆಗೀಗ ನಂದಿನಿ ಪ್ಯಾಕೆಟ್. ಕೆಂಪು ಕೊಟ್ಟಿಗೆ, ಕರು, ಅಜ್ಜ, ಮೊಮ್ಮಗಳು ಎಲ್ಲ ಹೇಳಿದೆ. ಅಮ್ಮ ನಡುವೆ ಒಂದು ಮಾತೂ ಆಡದೆ ಕೇಳಿಸಿಕೊಂಡಳು.

"ಆ ಮಗೂ ಮನೇಲಿ ಈಗ ಹಾಲು ಎಲ್ಲಿಂದ ತರ್ತಾರಂತೆ?" ಅಂದಳು.

"ಅಂಗಡಿಯಿಂದಲೇ ಇರಬೇಕಮ್ಮ" ಅಂದೆ.