ಇಪ್ಪತ್ತನಾಲ್ಕು ಎಲೆ

ಎಷ್ಟು ಜನ ಮಲಗಬಹುದು ಅಂತ ಕೇಳಿದ್ದೆ. ಟಾಯ್ಲೆಟ್ ಎಷ್ಟಿವೆ ಅಂತ ಕೇಳಿರಲಿಲ್ಲ. ಹಳೇ ತೊಟ್ಟಿಮನೆಯೊಂದನ್ನು ಎರಡು ರಾತ್ರಿಗೆ ಪೂರ್ತಿ ಬಾಡಿಗೆಗೆ ಹಿಡಿಯುವಾಗ ಮೊದಲು ಕೇಳಬೇಕಾದದ್ದು ಅದನ್ನೇ ಅಂತ ನನಗೆ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ ಆರೂವರೆಗೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಂಬತ್ತು ಜನ ಹಿಂದಿನ ಜಗಲಿಯಲ್ಲಿ ಸಾಲಾಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಾಗ. ಇಪ್ಪತ್ತನಾಲ್ಕು ಜನಕ್ಕೆ ಮೂರು ಟಾಯ್ಲೆಟ್. ಅದರಲ್ಲಿ ಒಂದರ ಚಿಲಕ ಹಾಕಲು ಬಾಗಿಲನ್ನು ಸ್ವಲ್ಪ ಮೇಲಕ್ಕೆ ಎತ್ತಬೇಕು.

ದೊಡ್ಡಪ್ಪನಿಗೆ ಎಪ್ಪತ್ತೈದು ತುಂಬಿತ್ತು. ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗೋಣ ಅಂತ ಮಾತಾಯಿತು. ರೆಸಾರ್ಟ್ ಬೇಡ ಅಂದವಳು ನಾನೇ. ಅಲ್ಲಿ ಆಗುವುದೇನು, ಅವರವರ ರೂಮಿನ ಬಾಗಿಲು ಹಾಕಿಕೊಂಡು ಟಿವಿ ನೋಡಿ, ಊಟದ ಹೊತ್ತಿಗೆ ಪ್ಲೇಟ್ ಹಿಡಿದು ಸಾಲಿನಲ್ಲಿ ಸಿಕ್ಕಾಗ 'ನಿದ್ದೆ ಬಂತಾ' ಅಂತ ಕೇಳುವುದು, ಅಷ್ಟೇ ಅಲ್ವಾ. ಒಂದೇ ಸೂರಿನ ಕೆಳಗೆ ಇರೋಣ ಅಂತ ತೀರ್ಥಹಳ್ಳಿ ಕಡೆ ಈ ಮನೆ ಹುಡುಕಿದೆ. ಊಟ ಸೇರಿ ತಲೆಗೆ 1,800 ರೂಪಾಯಿ, ಮಕ್ಕಳಿಗೆ ಅರ್ಧ. ಜೂನ್ ಮೂರನೇ ವಾರ ಆದ್ದರಿಂದ ರೇಟು ಕಮ್ಮಿ. ಯಾಕೆ ಕಮ್ಮಿ ಅಂತ ಶಿವಮೊಗ್ಗ ದಾಟುತ್ತಿದ್ದಂತೆ ಅರ್ಥವಾಯಿತು. ಮಂಡಗದ್ದೆ ಹತ್ತಿರ ತುಂಗೆ ಕೆಂಪಗೆ ಹರಿಯುತ್ತಿದ್ದಳು, ವೈಪರ್ ನಿಲ್ಲಿಸುವ ಹಾಗೇ ಇರಲಿಲ್ಲ. ಕೊನೆಯ ಎರಡು ಕಿಲೋಮೀಟರ್ ಮಣ್ಣುದಾರಿಗೆ ನಮ್ಮ ಟೆಂಪೋ ಟ್ರಾವೆಲರ್ ಇಳಿಯಲೇ ಇಲ್ಲ. ಮನೆಯವರ ಜೀಪು ನಮ್ಮನ್ನೂ ನಮ್ಮ ಬ್ಯಾಗುಗಳನ್ನೂ ನಾಲ್ಕು ಸಲ ಹೊತ್ತಿತು.

ಹೆಬ್ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಮನೆಯ ಯಜಮಾನಿ, ಎಪ್ಪತ್ತರ ಆಸುಪಾಸಿನ ಅಮ್ಮ, ಬಾಗಿಲ ಹತ್ತಿರವೇ ನಿಂತು 'ಬಗ್ಗಿ ಬನ್ನಿ, ಬಗ್ಗಿ ಬನ್ನಿ' ಅನ್ನುತ್ತಿದ್ದರು. ಆದರೂ ಒಬ್ಬೊಬ್ಬರದೂ ಹಣೆ ಬಡಿಯಿತು. ಹುಬ್ಬಳ್ಳಿ ಭಾವನದು ಎರಡು ದಿನದಲ್ಲಿ ಐದು ಸಲ. ಮೊದಲ ಸಲ ಎಲ್ಲರೂ ಅಯ್ಯೋ ಅಂದರು, ಮೂರನೇ ಸಲಕ್ಕೆ ಮಕ್ಕಳು ಎಣಿಸಲು ಶುರು ಮಾಡಿದರು. ಒಂದು ಸಲವೂ ಬಡಿಸಿಕೊಳ್ಳದವರು ಮೂರೇ ಜನ: ದೊಡ್ಡಪ್ಪ, ನನ್ನ ಅಪ್ಪ, ಅತ್ತೆ. ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಮಾತಾಡುತ್ತಲೇ ಬರುತ್ತಾರೆ, ಬಾಗಿಲ ಹತ್ತಿರ ಕತ್ತು ತಾನಾಗಿ ಬಗ್ಗುತ್ತದೆ, ಕಾಲು ತಾನಾಗಿ ಎತ್ತುತ್ತದೆ, ಮಾತು ಎಲ್ಲೂ ತುಂಡಾಗುವುದಿಲ್ಲ.

ಮೂವರೂ ಹುಟ್ಟಿ ಬೆಳೆದದ್ದು ಕೊಪ್ಪದ ಹತ್ತಿರ ಇಂಥದ್ದೇ ಮನೆಯಲ್ಲಿ. ನನಗೆ ಅದರ ನೆನಪು ಸ್ವಲ್ಪವೇ. 1996ರಲ್ಲಿ ಹಿಸ್ಸೆಯಾಯಿತು. ತೊಟ್ಟಿಯ ನಡುವೆ ಗೋಡೆ ಎದ್ದಿತು, ಮೇಲೆ ಶೀಟು ಬಂತು, ಆಮೇಲೆ ಅರ್ಧ ಬಿತ್ತು, ಇನ್ನರ್ಧ ಮಾರಿದರು. ಅಣ್ಣತಮ್ಮ ಆಮೇಲೆ ಎಷ್ಟೋ ವರ್ಷ ಮದುವೆ ಮುಂಜಿಗಳಲ್ಲಷ್ಟೇ ಮಾತಾಡುತ್ತಿದ್ದರು. ಇದೆಲ್ಲ ಗೊತ್ತಿದ್ದೂ ನಾನು ಇಂಥ ಮನೆಯನ್ನೇ ಬುಕ್ ಮಾಡಿದೆ. ಸುಮ್ನೆ ಫೋಟೋ ಚೆನ್ನಾಗಿದೆ ಅಂತ.

ಮೊದಲ ಸಂಜೆ ಮಳೆ ಜೋರಾಯಿತು. ನಾಲ್ಕೂ ಕಡೆಯ ಹೆಂಚಿನಿಂದ ನೀರು ತೊಟ್ಟಿಗೆ ಸುರಿಯುವುದನ್ನು ಮಕ್ಕಳು ಮೊದಲ ಸಲ ನೋಡುತ್ತಿದ್ದರು. ಮನೆಯ ನಡುವೆಯೇ ಮಳೆ! ಚಪ್ಪಲಿ ತೇಲಿಬಿಟ್ಟರು, ಕಾಗದದ ದೋಣಿ ಬಿಟ್ಟರು, ಆಮೇಲೆ ಯಾರದೋ ಸಾಕ್ಸ್. ಸ್ವಲ್ಪ ಹೊತ್ತಿಗೆ ನೀರು ಏರತೊಡಗಿತು. ಕಲ್ಲಿನ ಅಂಚು ಮುಳುಗಿ ಕೆಂಪು ಕಾವಿ ನೆಲದ ಜಗಲಿಯ ಕಡೆ ಬರುತ್ತಿದೆ, ಮೂಲೆಯಲ್ಲಿ ನಮ್ಮ ಬ್ಯಾಗುಗಳೆಲ್ಲ ಇವೆ. ಕರೆಂಟ್ ಆಗಲೇ ಹೋಗಿತ್ತು. ನಾವೆಲ್ಲ ಮೊಬೈಲ್ ಟಾರ್ಚ್ ಹಿಡಿದು ನೀರಿನ ಮೇಲೆ ಬೆಳಕು ಬಿಡುತ್ತಾ ಗಲಾಟೆ ಮಾಡುತ್ತಿದ್ದೆವು, ಅಷ್ಟೇ. ದೊಡ್ಡಪ್ಪ ಪಂಚೆ ಮೇಲಕ್ಕೆ ಕಟ್ಟಿ ತೊಟ್ಟಿಗೆ ಇಳಿದರು. 'ಬೀಳ್ತೀರಾ, ಬನ್ನಿ ಮೇಲೆ' ಅಂತ ದೊಡ್ಡಮ್ಮ ಕೂಗಿದರೂ ಕೇಳಲಿಲ್ಲ. ಕತ್ತಲಲ್ಲೇ ನೇರವಾಗಿ ಈಶಾನ್ಯ ಮೂಲೆಗೆ ಹೋಗಿ, ತೋಳು ಮುಳುಗುವವರೆಗೆ ಕೈ ಹಾಕಿ, ಕಲ್ಲಿನ ತೂತಿನಿಂದ ಆ ಸಾಕ್ಸ್ ಎಳೆದರು. ನೀರು ಗುಳುಗುಳು ಅಂತ ಇಳಿಯಿತು.

'ತೂತು ಅಲ್ಲೇ ಇರತ್ತೆ ಅಂತ ಹೆಂಗೆ ಗೊತ್ತಾಯ್ತು?' ಅಂತ ನನ್ನ ಮಗ ಕೇಳಿದ. 'ನಮ್ಮನೇಲೂ ಅಲ್ಲೇ ಇತ್ತು' ಅಂದರು. ಅಪ್ಪ ಟವೆಲ್ ತಂದು ಕೊಟ್ಟರು. ಇಬ್ಬರೂ ಬೇರೇನೂ ಮಾತಾಡಲಿಲ್ಲ.

ಉಂಬಳದ, ಅಂದರೆ ಜಿಗಣೆಯ, ವಿಷಯ ಜಾಸ್ತಿ ಬರೆಯುವುದಿಲ್ಲ. ಮಲೆನಾಡಿನ ಮಳೆಗಾಲ, ಇದ್ದೇ ಇರುತ್ತವೆ. ಉಪ್ಪು ಇಟ್ಟುಕೊಂಡಿರಿ, ಸಾಕು. ನೆಟ್‌ವರ್ಕ್ ಅಡಿಕೆ ಒಣಗಿಸುವ ಅಂಗಳದ ಒಂದೇ ಮೂಲೆಯಲ್ಲಿ ಸಿಗುತ್ತಿತ್ತು. ಆಫೀಸಿನ ಕರೆ ಬರುವ ನನ್ನ ತಮ್ಮ ಕೊಡೆ ಹಿಡಿದು ಅಲ್ಲೇ ಕಾವಲುಗಾರನ ಹಾಗೆ ನಿಂತಿರುತ್ತಿದ್ದ.

ಊಟ ಮಾತ್ರ ಮರೆಯುವ ಹಾಗಿಲ್ಲ. ಕಡುಬು, ಪತ್ರೊಡೆ, ಅಪ್ಪೆಮಿಡಿ, ಕಳಲೆ (ಎಳೆ ಬಿದಿರು) ಪಲ್ಯ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಾಯಿಸಬೇಕು, ಇಲ್ಲದಿದ್ದರೆ ಕಹಿ, ಹಾಗೇ ತಿನ್ನುವುದೂ ಒಳ್ಳೆಯದಲ್ಲ. 'ನೀವು ಮೊನ್ನೆ ಫೋನ್ ಮಾಡಿ ಬರೋದು ಖಂಡಿತ ಅಂದ್ರಲ್ಲ, ಆವಾಗಲೇ ನೆನೆಹಾಕಿದ್ದು' ಅಂದರು ಯಜಮಾನಿ. ಅವರು ಜನರನ್ನು ಎಣಿಸುತ್ತಿರಲಿಲ್ಲ, ಎಲೆ ಎಣಿಸುತ್ತಿದ್ದರು. 'ಇಪ್ಪತ್ತನಾಲ್ಕು ಎಲೆ' ಅಂತ ಒಳಗೆ ಕೂಗಿ ಹೇಳಿದರೆ ಅಡುಗೆಮನೆಯಲ್ಲಿ ಲೆಕ್ಕ ಸಿಕ್ಕಿದ ಹಾಗೆ. ಅಲ್ಲಿ ಅವರಿಗೆ ಇಬ್ಬರು ಸಹಾಯಕ್ಕಿದ್ದರು. ಆದರೂ ನಮ್ಮ ಅತ್ತೆ, ಅತ್ತಿಗೆ, ನಾನು, ಒಬ್ಬೊಬ್ಬರಾಗಿ ಒಳಗೆ ಹೋಗಿ ಕೆಸುವಿನ ಎಲೆ ಸುತ್ತುತ್ತಾ ಕೂತಿದ್ದೆವು. ಗಂಡಸರು ಜಗಲಿಯಲ್ಲಿ ಇಸ್ಪೀಟು. ತಲೆಗೆ 1,800 ಕೊಟ್ಟು ಬಂದು ಇಲ್ಲೂ ಅಡುಗೆಮನೆಗೇ ಹೊಕ್ಕೆವಲ್ಲ ಅಂತ ಅತ್ತಿಗೆ ನಕ್ಕಳು. ನನಗೆ ಅಷ್ಟೇನೂ ನಗು ಬರಲಿಲ್ಲ.

ಎರಡನೇ ದಿನ ಮಳೆ ಬಿಟ್ಟಾಗ ಭಾವ, ಹಣೆಗೆ ಬ್ಯಾಂಡೇಜ್ ಹಾಕಿಕೊಂಡೇ, ಹಿತ್ತಲಲ್ಲಿ ಬಿದ್ದಿದ್ದ ಹೆಂಚೊಂದನ್ನು ತಂದು 'ಈ ಮನೆ 1865ರದ್ದು' ಅಂತ ಸಾರಿದರು. ಹೆಂಚಿನ ಹಿಂದೆ ಬಾಸೆಲ್ ಮಿಷನ್ ಹೆಸರಿನ ಜೊತೆ ಆ ಇಸವಿ ಉಬ್ಬಾಗಿ ಮೂಡಿತ್ತು. ಯಜಮಾನಿ ನಕ್ಕುಬಿಟ್ಟರು. ಬಂದವರೆಲ್ಲ ಹೀಗೇ ಹೇಳುತ್ತಾರಂತೆ. ಅದು ಮಂಗಳೂರಿನಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ವರ್ಷ. ಮನೆ ಅದಕ್ಕಿಂತ ಎಷ್ಟೋ ಈಚಿನದು, ಮೊದಲು ಹುಲ್ಲಿನ ಮಾಡೇ ಇತ್ತು, ಅವರ ಮಾವನ ಕಾಲಕ್ಕೆ ಹೆಂಚು ಬಂತು.

ಆಮೇಲೆ ಮನೆಯೆಲ್ಲ ತೋರಿಸಿದರು. ತಂಗಿ ಮಲಗಿದ್ದ ಕಿಟಕಿಯಿಲ್ಲದ ರೂಮು ಮೊದಲು ಕಣಜವಾಗಿತ್ತಂತೆ. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನೆಲ್ಲ ಉಳುವವರಿಗೆ ಹೋಯಿತು, ಕಣಜಕ್ಕೆ ಭತ್ತ ಬರುವುದೂ ನಿಂತಿತು. 'ಹೋಗಿದ್ದು ಸರಿಯೇ, ಅವರೂ ಉಣ್ಣಬೇಕಲ್ಲ. ಆದರೆ ಮನೆ ಇಷ್ಟು ದೊಡ್ಡದು ಉಳೀತು ನೋಡಿ' ಅಂದರು. ಮಕ್ಕಳು ಊರು ಬಿಟ್ಟಿದ್ದಾರೆ. ಹೆಂಚು ಕೈಯಾಡಿಸಲು, ಗೆದ್ದಲಿಗೆ ಎಣ್ಣೆ ಹೊಡೆಸಲು ದುಡ್ಡು ಬೇಕು. ಬಾಡಿಗೆಗೆ ಕೊಡುವುದು ಅದಕ್ಕೇ.

ಹೊರಡುವ ದಿನ ಬೆಳಿಗ್ಗೆ ದೊಡ್ಡಪ್ಪ ತೊಟ್ಟಿಯ ಕಂಬವೊಂದನ್ನು ಎರಡೂ ಕೈಯಲ್ಲಿ ಬಳಸಿ ನಿಂತಿದ್ದರು. ಹಲಸಿನ ಮರದ್ದು, ಕೈ ತಾಗಿ ತಾಗಿ ಸೊಂಟದೆತ್ತರಕ್ಕೆ ಕಪ್ಪಾಗಿ ಮಿನುಗುತ್ತಿತ್ತು. ಯಜಮಾನಿ ಕಾಫಿ ತಂದವರು, 'ಹಳೇ ಸಾಮಾನು ಕೊಳ್ಳೋರು ಪ್ರತಿ ವರ್ಷ ಬಂದು ಇದನ್ನೇ ಕೇಳ್ತಾರೆ' ಅಂದರು.

'ಎಷ್ಟಕ್ಕೆ ಕೇಳ್ತಾರೆ?'

'ಒಂದಕ್ಕೆ ನಲವತ್ತು ಸಾವಿರ ಅಂದಿದ್ದ ಹೋದ ವರ್ಷ.'

ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. 'ನಾವು ಎಷ್ಟಕ್ಕೆ ಕೊಟ್ವೋ?'

'ನಾಲ್ಕೂ ಸೇರಿ ಒಂಬತ್ತು ಸಾವಿರ' ಅಂದರು ಅಪ್ಪ. 'ಹೆಬ್ಬಾಗಿಲು ಸುಮ್ನೆ ಜೊತೆಗೆ ಕೊಟ್ಟಿದ್ದು.'

'ಅದೂ ಆ ಒಂಬತ್ತರಲ್ಲೇ ಜಗಳ ಆಡಿದ್ವಿ' ಅಂದರು ದೊಡ್ಡಪ್ಪ. ಇಬ್ಬರೂ ನಕ್ಕರು. ಕಾಫಿ ಕುಡಿದು ಲೋಟ ಕೆಳಗಿಟ್ಟರು. ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ಇಬ್ಬರೂ ಮಾತಾಡಿಕೊಂಡೇ ಬಗ್ಗಿ ಹೊರಗೆ ಹೋದರು. ಹಿಂದೆಯೇ ಹೊರಟ ಭಾವನ ತಲೆ ಮತ್ತೆ ಬಡಿಯಿತು. 'ಐದು' ಅಂದರು ಮಕ್ಕಳು.