ಕಾಸ್ಟಿಕ್ ಸೋಡಾ ಕರಗಿಸುವಾಗ ಎಚ್ಚರ ತಪ್ಪುವುದು ಎಲ್ಲಿ?

ಆ್ಯಸಿಡ್ ಅಂದರೆ ಯಾರಾದರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಕಾಸ್ಟಿಕ್ ಸೋಡಾ ಬಗ್ಗೆ ಆ ಭಯ ಇಲ್ಲ. ವಾಸನೆ ಇಲ್ಲ, ಹೊಗೆಯಾಡುವುದಿಲ್ಲ, ಚೀಲದೊಳಗೆ ಬೆಳ್ಳಗಿನ ಚಕ್ಕೆ ಅಷ್ಟೆ. ದ್ರಾವಣ ಕೈಗೆ ತಾಗಿದರೆ ಮೊದಲು ಸೋಪಿನ ಹಾಗೆ ಜಾರುತ್ತದೆ. ಹಾಗೆ ಜಾರುವುದು ಚರ್ಮದ ಕೊಬ್ಬೇ ಸಾಬೂನಾಗುತ್ತಿರುವುದರಿಂದ. ಉರಿ ಎಷ್ಟೋ ಸಲ ತಡವಾಗಿ ಬರುತ್ತದೆ. ಅಷ್ಟರಲ್ಲಿ ಗಾಯ ಆಳಕ್ಕೆ ಇಳಿದಿರುತ್ತದೆ. ಆದ್ದರಿಂದ ಉರಿಗೆ ಕಾಯಬೇಡಿ. ಕೈ ಜಾರಿತೆಂದರೆ ಕೂಡಲೇ ನಲ್ಲಿಗೆ ಹೋಗಿ.

ಹೆಚ್ಚಿನ ಅನಾಹುತ ಆಗುವುದು ಕರಗಿಸುವಾಗ. 200 ಲೀಟರ್ ನೀರಿಗೆ 50 ಕೆಜಿ ಚಕ್ಕೆ ಹಾಕಿದರೆ ತೂಕದಲ್ಲಿ ಶೇ. 20ರ ದ್ರಾವಣ. ಒಮ್ಮೆಗೇ ಸುರಿದರೆ 30 ಡಿಗ್ರಿಯ ನೀರು 80 ಡಿಗ್ರಿ ದಾಟಬಲ್ಲದು. ಮೊದಲು ತಣ್ಣೀರು, ಆಮೇಲೆ ಸ್ಟಿರರ್ (ಕಲಕುವ ಯಂತ್ರ) ಚಾಲೂ, ಕೊನೆಗೆ ಚಕ್ಕೆ, ಅದೂ ಸ್ವಲ್ಪ ಸ್ವಲ್ಪವೇ. ಥರ್ಮಾಮೀಟರ್ 60 ಮುಟ್ಟುವ ಮೊದಲೇ ನಿಲ್ಲಿಸಿ, ಆರಲು ಬಿಡಿ. ಸ್ಟಿರರ್ ನಿಂತಿರುವಾಗ ಸುರಿದ ಚಕ್ಕೆ ತಳಕ್ಕಿಳಿದು ಗಟ್ಟಿಯಾಗಿ ಕೂರುತ್ತದೆ. ಮೇಲಿನ ನೀರು ತಣ್ಣಗೇ ಇರುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಯಾರೋ ಕೋಲು ಹಾಕಿ ಆ ಗಡ್ಡೆ ಒಡೆಯುತ್ತಾರೆ. ತಳದ ಬಿಸಿಯೆಲ್ಲ ಒಮ್ಮೆಗೇ ಮೇಲೆ ಬಂದು, ದ್ರಾವಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಒಣ ಚಕ್ಕೆಯ ಮೇಲೆ ನೀರು ಸುರಿದರೂ ಇದೇ ಗತಿ.

ಅಲ್ಯೂಮಿನಿಯಂ ಸೌಟು, ಸತುವು ಲೇಪಿಸಿದ ಬಕೆಟ್ ಹತ್ತಿರವೂ ಬೇಡ. ಲೋಹ ಕರಗಿ ಹೈಡ್ರೋಜನ್ ಅನಿಲ ಹೊರಡುತ್ತದೆ. ಶೇ. 50ರ ಲೈ (ಕಾಸ್ಟಿಕ್ ದ್ರಾವಣ) ಬಳಸುವವರಿಗೆ ಬೇರೆಯದೇ ತೊಂದರೆ. ಸುಮಾರು 12 ಡಿಗ್ರಿಗೆ ಇಳಿದರೆ ಅದು ಪೈಪಿನೊಳಗೇ ಹರಳುಗಟ್ಟತೊಡಗುತ್ತದೆ, ಹಿಂದೆ ಒತ್ತಡ ಉಳಿದಿರುತ್ತದೆ. ಫ್ಲೇಂಜ್ (ಪೈಪುಗಳನ್ನು ಬೋಲ್ಟ್ ಹಾಕಿ ಸೇರಿಸಿದ ಜಾಗ) ಬಿಚ್ಚುವ ಮೊದಲು ಒತ್ತಡ ಇಳಿಸಿ, ಜೋಡಣೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ನಿಮ್ಮಿಂದ ದೂರದ ಬೋಲ್ಟನ್ನು ಮೊದಲು ಸಡಿಲಿಸಿ. ಇನ್ನೊಂದು, ಈ ಲೈ ತುಂಬಿದ 20 ಲೀಟರಿನ ಕ್ಯಾನ್ 30 ಕೆಜಿ ತೂಗುತ್ತದೆ. ನೀರಿನ ಕ್ಯಾನ್ ಅಂದುಕೊಂಡು ಒಂದೇ ಕೈಯಲ್ಲಿ ಎತ್ತಿದರೆ ಕೈತಪ್ಪುತ್ತದೆ.

ಫೇಸ್ ಶೀಲ್ಡ್ ಒಂದೇ ಸಾಲದು, ಹನಿ ಗಲ್ಲದ ಕೆಳಗಿಂದ ನುಗ್ಗುತ್ತದೆ. ಒಳಗೆ ಕಣ್ಣಿಗೆ ಬಿಗಿಯಾಗಿ ಕೂರುವ ಗಾಗಲ್ಸ್ ಇರಲೇಬೇಕು. ಕೈಗೆ ರಬ್ಬರ್ ಅಥವಾ ನಿಯೋಪ್ರೀನ್ ಗ್ಲೌಸ್. ಚರ್ಮದ ಗ್ಲೌಸ್ ಅನ್ನು ಕಾಸ್ಟಿಕ್ ತಿಂದುಹಾಕುತ್ತದೆ. ಪ್ಯಾಂಟನ್ನು ಗಮ್‌ಬೂಟಿನೊಳಗೆ ತುರುಕಬೇಡಿ, ಹೊರಗೇ ಬಿಡಿ.

ಮೈಮೇಲೆ ಚಕ್ಕೆ ಬಿದ್ದರೆ ಒಣಗಿದ್ದಾಗಲೇ ಕೊಡವಿ, ಆಮೇಲೆ ಧಾರಾಳವಾಗಿ ನೀರು ಬಿಡಿ. ದ್ರಾವಣವಾದರೆ ನೀರಿನ ಕೆಳಗೆ ನಿಂತುಕೊಂಡೇ ಬಟ್ಟೆ ಕಳಚಿ. ವಿನೆಗರ್, ನಿಂಬೆರಸ ಖಂಡಿತ ಬೇಡ, ಗಾಯದ ಮೇಲೆ ಇನ್ನಷ್ಟು ಬಿಸಿ ಹುಟ್ಟುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 30 ನಿಮಿಷ ತೊಳೆಯಬೇಕು. ಆಸ್ಪತ್ರೆಗೆ ಒಯ್ಯುವಾಗಲೂ ನಿಲ್ಲಿಸಬಾರದು.

ಐವಾಶ್ (ಕಣ್ಣು ತೊಳೆಯುವ ನಲ್ಲಿ) ಅನ್ನು ವಾರಕ್ಕೊಮ್ಮೆ ತುಕ್ಕುನೀರು ಹೋಗುವವರೆಗೆ ಹರಿಯಬಿಡಿ. ಟ್ಯಾಂಕಿನಿಂದ ಅಲ್ಲಿಗೆ 10 ಸೆಕೆಂಡಿನೊಳಗೆ ತಲುಪುವಂತಿರಬೇಕು. ಕಣ್ಣಿಗೆ ಬಿದ್ದವರಿಗೆ ದಾರಿ ಕಾಣುವುದಿಲ್ಲ, ಆದ್ದರಿಂದ ನಡುವೆ ಒಂದು ಡ್ರಮ್ಮೂ ಇರಬಾರದು. ಹೊಸದಾಗಿ ಸೇರಿದವರನ್ನು ಒಮ್ಮೆ ಕಣ್ಣು ಮುಚ್ಚಿಸಿ, ಪಕ್ಕದಲ್ಲೇ ಇದ್ದು, ಆ ದಾರಿಯಲ್ಲಿ ನಡೆಸಿ ನೋಡಿ.